ಕಾಗಿಣಾ ದಂಡೆಯ ಸಿಂದಿಗಿಡಗಳು

ಸೇಡಂ ಸೀಮೆಯ ಹೊಲಗಳ ನಡುವೆ ಹರಿದುಬಂದು, ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದ ಮಳಖೇಡದ ಕೋಟೆಯನ್ನು ಬಳಸಿ, ಚಿತ್ತಾಪುರದ ಎಲ್ಲೆಯನ್ನು ದಾಟಿ, ಶಹಾಬಾದಿನ ಸಮೀಪದ ಹೊನಗುಂಟದಲ್ಲಿ ಭೀಮೆಯನ್ನು ಕೂಡಿಕೊಳ್ಳುವ ಕಾಗಿಣಾ ನದಿಯ ದಂಡೆ ಹಿಡಿದು ಚಳಿಗಾಲದ ಒಂದು ಹಗಲು ನಡೆಯಬಯಸುವವನು, ಹಳ್ಳಗಳ ತೇವದಲ್ಲಿ ಬೆಳೆದ ಸಿಂದಿಗಿಡಗಳೆದುರು, ಎಂದರೆ ಈಚಲು ಮರಗಳೆದುರು, ತುಸು ಹೊತ್ತು ನಿಲ್ಲಬೇಕು. ಹಳೆಯ ಗಿಡಗಳ ಕಾಂಡದಲ್ಲಿ ಈ ಮಗ್ಗುಲಿಗೊಂದು, ಎದುರು ಮಗ್ಗುಲಿಗೊಂದು ಕಚ್ಚುಗಳು ಮೇಲೇರುತ್ತ ಹೋಗಿರುತ್ತವೆ. ವರ್ಷಕ್ಕೊಂದೇ ಮಗ್ಗುಲನ್ನು ಕೆತ್ತಬೇಕೆಂಬುದು ಈ ಕಸಬಿನ ನಿಯಮವಾದುದರಿಂದ, ಅವನ್ನು ಎಣಿಸಿದರೆ ಗಿಡವು ಎಷ್ಟು ವರ್ಷ ರಸವಿತ್ತಿತೆಂಬುದು ತಿಳಿಯುತ್ತದೆ.

ಈಡಿಗರೂ ಕಲಾಲರೂ ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ಈ ವಿದ್ಯೆಯನ್ನು ಬರಿಯ ಮೈಕಸುವಿನ ಕೆಲಸವೆಂದು ಭಾವಿಸುವುದು ಅನ್ಯಾಯ. ತಾಳೆಯಲ್ಲಿ ಹೂಗೊಂಚಲನ್ನು ಕೊಯ್ದು ರಸವಿಳಿಸುತ್ತಾರೆ; ಸಿಂದಿಯಲ್ಲಿಯಾದರೋ ಗರಿಗಳ ಬುಡದ ಎಳೆಯ ಕಾಂಡವನ್ನೇ ಕೆತ್ತಬೇಕು. ಸೊಂಟವನ್ನೂ ಕಾಂಡವನ್ನೂ ಸೇರಿಸಿ ಸುತ್ತಿದ ಹಗ್ಗದ ಆಸರೆಯಿಂದ ಮೇಲೇರಿ, ಒಂದು ಪಾರ್ಶ್ವದ ಗರಿಗಳನ್ನು ಸವರಿ, ಒಳಗಿನ ಮೃದುಭಾಗ ಕಾಣುವಂತೆ ತೆಳ್ಳಗೆ ಹೆರೆದು, ರಸವೆಲ್ಲ ಒಂದೆಡೆ ಕೂಡುವಂತೆ ಗಾಯವನ್ನು ತಿದ್ದಿ, ಅದರ ಕೆಳಗೆ ಗಡಿಗೆಯನ್ನು ಕಟ್ಟುವರು. ಕೆತ್ತು ಮಿತಿಮೀರಿ ಆಳವಾದರೆ ಗಿಡದ ಪ್ರಾಣಕ್ಕೇ ಅಪಾಯ. ತೀರ ಮೇಲುಮೇಲಾದರೆ ಗಡಿಗೆ ಬರಿದು. ಕೆಲವು ದಿನ ರಸವಿಳಿಸಿದ ಬಳಿಕ ಗಾಯ ಒಣಗುವವರೆಗೆ ಗಿಡಕ್ಕೆ ವಿಶ್ರಾಂತಿ ಕೊಡಲೇಬೇಕು. ಸಂಜೆ ಕಟ್ಟಿದ ಗಡಿಗೆಯನ್ನು ಸೂರ್ಯೋದಯಕ್ಕೆ ಮುನ್ನವೇ ಇಳಿಸುವುದು ವಾಡಿಕೆ.

ಒಳಗೆ ಸುಣ್ಣ ಸವರಿದ ಗಡಿಗೆಯ ರಸವು ಸಿಹಿಯಾದ ನೀರಾ ಆಗಿ ಉಳಿಯುತ್ತದೆ. ಸುಣ್ಣವಿಲ್ಲದಿದ್ದರೆ, ಗಾಳಿಯಲ್ಲೂ ಗಡಿಗೆಯ ಒಳಮೈಯಲ್ಲೂ ಇರುವ ಸೂಕ್ಷ್ಮಜೀವಿಗಳು ಗಿಡದ ಮೇಲೆಯೇ ಅದನ್ನು ಹುದುಗಿಸಿ ಸಿಂದಿಯಾಗಿಸತೊಡಗುತ್ತವೆ. ಬೆಳಗಿನಲ್ಲಿ ಸಿಹಿಯಾಗಿದ್ದುದು ಹೊತ್ತೇರಿದಂತೆ ನೊರೆಯೆದ್ದು ಕಟುವಾಗಿ, ಮರುದಿನಕ್ಕೆ ಹುಳಿಯಾಗುತ್ತದೆ. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ತೆರೆದ ರೈಲುದಾರಿ ಇದೇ ಸೀಮೆಯಲ್ಲಿ ಸಾಗಿದರೂ, ಶಹಾಬಾದಿನ ಹಾಸುಗಲ್ಲು ಕಂಡ ದೂರದ ಊರುಗಳನ್ನು, ಬೇಗ ಕೆಡುವ ಈ ಪಾನೀಯವು ಕಾಣಲಾರದೆ ಹೋಯಿತು. ಕುಡಿಯುವವನೇ ಗಿಡವಿದ್ದ ಊರಿಗೆ ನಡೆಯಬೇಕಾಗಿತ್ತು. ಆಂಗ್ಲರು ಕಡಲದಂಡೆಯಲ್ಲಿ ದಿನವಿಡೀ ನಡೆಯುತ್ತ, ಹಳ್ಳಿಯ ಪಾನಗೃಹಗಳಲ್ಲಿ ತಂಗಿ ಸವಿಯುವ, ಪೀಪಾಯಿಯಲ್ಲಿ ಇನ್ನೂ ಹುದುಗುತ್ತಲೇ ಇರುವ ಏಲ್ ಎಂಬ ಬಿಯರ್ ಇದೇ ಗುಣದ್ದು. ಅದು ಕಾರ್ಖಾನೆಯ ಬಿಯರಿನ ಮುಂದೆ ಅಳಿಯತೊಡಗಿದಾಗ, 1971ರಲ್ಲಿ ಪ್ರವಾಸದಲ್ಲಿದ್ದ ನಾಲ್ವರು ಗೆಳೆಯರು ಕೂಡಿ ಅದರ ರಕ್ಷಣೆಗೆ ಚಳವಳಿಯನ್ನೇ ಹೂಡಿದರು.

ನಮ್ಮಲ್ಲಿ ಚಳವಳಿ ಬಂದುದು ಇದಕ್ಕೆ ವಿರುದ್ಧವಾದ ದಿಕ್ಕಿನಿಂದ. ಆಗ ಈ ಸೀಮೆಯನ್ನಾಳುತ್ತಿದ್ದ ಹೈದರಾಬಾದಿನ ನಿಜಾಮರ ಬೊಕ್ಕಸಕ್ಕೆ ಅಬಕಾರಿಯು ಒಂದು ದೊಡ್ಡ ಆಧಾರವಾಗಿತ್ತು. ಆದುದರಿಂದಲೇ 1947ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಸತ್ಯಾಗ್ರಹಿಗಳು ಸಿಂದಿಗಿಡಗಳಿಗೆ ಕೊಡಲಿಯಿಟ್ಟರು. ಮೈಸೂರು ಸಂಸ್ಥಾನದ ತುರುವನೂರಿನಲ್ಲಿ 1939ರಷ್ಟು ಹಿಂದೆಯೇ ಈಚಲು ಮರಗಳನ್ನು ಕಡಿಯುವ ಸತ್ಯಾಗ್ರಹ ನಡೆದಿತ್ತು. ಕುಡಿತದಿಂದ ಹಾಳಾದ ಸಂಸಾರಗಳನ್ನು ಕಂಡಿದ್ದ ಆ ಹಿರಿಯರ ಉದ್ದೇಶ ಪವಿತ್ರವಾದುದೆಂಬುದರಲ್ಲಿ ನನಗೆ ಸಂಶಯವಿಲ್ಲ. ಅನಂತರದ ಕಾಲದಲ್ಲಿ ಸಿಂದಿಗೆ ಕ್ಲೋರಲ್ ಹೈಡ್ರೇಟ್ ಮೊದಲಾದ ವಿಷಗಳನ್ನು ಬೆರೆಸಿ ಮಾರಿದವರು ಅದರ ಹೆಸರನ್ನು ಮತ್ತಷ್ಟು ಕೆಡಿಸಿದರು. ಈ ಶತಮಾನದ ಮೊದಲ ದಶಕದಲ್ಲಿ ಈ ಸೀಮೆಯ ಸಿಂದಿ ನಿಷೇಧಕ್ಕೊಳಗಾಗಿ ನಿಂತಿತು. 2007ರಲ್ಲಿ ಸಾರಾಯಿಯೂ ನಿಷಿದ್ಧವಾಯಿತು. ಆದರೆ ಬಾಟಲಿಯ ಮದ್ಯ ಮಾತ್ರ ಊರೂರಿಗೂ ಬಂದು ಕುಳಿತಿದೆ. ವಿಷ ಬೆರೆಸಿದವನ ಪಾಪವನ್ನು ಗಿಡವೇರಿದವನ ತಲೆಗೆ ಕಟ್ಟಿದುದು ನ್ಯಾಯವಲ್ಲ ಎಂದೇ ನನ್ನ ಎಣಿಕೆ.

ಸೇಡಂನಿಂದ ಆ ವಾಡಿ-ಸಿಕಂದರಾಬಾದ್ ರೈಲುದಾರಿಯಲ್ಲೇ ತೆಲಂಗಾಣದ ತಾಂಡೂರಿಗೆ ಹೋದರೆ, ಅಲ್ಲಿ ಈ ಕಸಬಿಗೆ ಇಂದಿಗೂ ಕಾನೂನಿನ ಸಮ್ಮತಿಯುಂಟು. ಈಚೆಯ ಚಿಂಚೋಳಿ, ಸೇಡಂ ಸೀಮೆಗಳಲ್ಲಿಯಾದರೋ ಈ ಕಸಬನ್ನು ಕಲಿಯುವ ಹೊಸಬರಿಲ್ಲ. ಕಲಬುರಗಿಯ ವಿಶ್ವವಿದ್ಯಾಲಯದ ಜಾನಪದ ವಿದ್ವಾಂಸರು ಇಲ್ಲಿನ ಹಿರಿಯ ಈಡಿಗರ ಬಳಿಗೆ ಹೋಗಿ, ಯಾವ ಗಿಡವನ್ನು ಯಾವ ವಯಸ್ಸಿನಲ್ಲಿ ಕೆತ್ತಬೇಕು, ಕೆತ್ತು ಎಷ್ಟು ಆಳವಿರಬೇಕು, ಎಷ್ಟು ದಿನ ಬಿಡಬೇಕು ಎಂಬುದನ್ನೆಲ್ಲ ಅವರ ಮಾತಿನಲ್ಲಿಯೇ ಬರೆದಿಟ್ಟುಕೊಳ್ಳುವ ಕೆಲಸಕ್ಕೆ ಈ ಚಳಿಗಾಲದಲ್ಲಿಯೇ ತೊಡಗಬೇಕು.