ಹಾರಿ ಬಂದ ಬೆಟ್ಟ

ಶಾಂಘೈಯಲ್ಲಿ ಕೆಲಸದಲ್ಲಿದ್ದಾಗ ಒಂದು ಶನಿವಾರ ಗೆಳೆಯರೊಂದಿಗೆ ಹಾಂಗ್‌ಝೌಗೆ ಹೋಗಿದ್ದೆ. ಹೈಸ್ಪೀಡ್ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಯುನೆಸ್ಕೊ 2011ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಪಶ್ಚಿಮ ಸರೋವರದ ದಂಡೆಯಲ್ಲಿ ಬೆಳಿಗ್ಗೆಯೆಲ್ಲ ಸುತ್ತಿ, ಮಧ್ಯಾಹ್ನ ಲಿಂಗ್‌ಯಿನ್ ದೇವಾಲಯ ತಲುಪಿದೆವು.

ನಾಲ್ಕನೇ ಶತಮಾನದಲ್ಲಿ ಇದನ್ನು ಸ್ಥಾಪಿಸಿದವರು ಭಾರತದಿಂದ ಬಂದ ಭಿಕ್ಷು ಹುಯಿಲಿ ಎಂಬುದು ಅಲ್ಲಿನ ನಂಬಿಕೆ. ಎದುರಿನ ಬೆಟ್ಟದ ಹೆಸರು ಫೈಲಾಯ್ ಫೆಂಗ್, ಅಂದರೆ ಹಾರಿ ಬಂದ ಬೆಟ್ಟ. ಸುತ್ತಲಿನ ಬೆಟ್ಟಗಳು ಮರಳುಗಲ್ಲಿನವು, ಇದು ಮಾತ್ರ ಸುಣ್ಣಕಲ್ಲಿನದು. ಬಂಡೆಗಳ ತುಂಬ ಬುದ್ಧನ ಶಿಲ್ಪಗಳು. ಇದನ್ನು ಕಂಡ ಹುಯಿಲಿ, ‘ನಮ್ಮ ದೇಶದ ಬೆಟ್ಟ ಇಲ್ಲಿಗೆ ಯಾವಾಗ ಹಾರಿ ಬಂತು?’ ಎಂದು ಅಚ್ಚರಿಪಟ್ಟರಂತೆ.

‘ಹಾಗಾದರೆ ಇದು ನಿಮ್ಮ ಕಡೆಯದೇ’ ಎಂದು ಚೀನೀ ಗೆಳೆಯ ನಕ್ಕ. ಪರನಾಡಿನ ಕಲ್ಲಿನಲ್ಲೂ ತನ್ನೂರಿನ ಗುರುತು ಹುಡುಕಿದ ಆ ಭಿಕ್ಷುವಿನ ಮನಸ್ಸನ್ನು ಊರು ಬಿಟ್ಟ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.