ಗವರ್ನರ್ ಲೂಯಿಸ್ ಸಾವು: ಕೊಲೆಯ ಕಥೆ ಹುಟ್ಟಿದ್ದು ಹೇಗೆ?

1809ರ ಅಕ್ಟೋಬರ್ 10ರ ಸಂಜೆ ಟೆನ್ನೆಸ್ಸಿಯ ಕಾಡುದಾರಿ ನಾಚೆಜ್ ಟ್ರೇಸ್ ಬದಿಯ ಗ್ರೈಂಡರ್ಸ್ ಸ್ಟ್ಯಾಂಡ್ ಎಂಬ ತಂಗುಮನೆಗೆ ಬಂದಿಳಿದಾತ ಸಾಮಾನ್ಯ ದಾರಿಹೋಕನಲ್ಲ. ವಿಲಿಯಂ ಕ್ಲಾರ್ಕ್ ಜೊತೆ ಅಮೆರಿಕ ಖಂಡ ದಾಟಿ, ಪೆಸಿಫಿಕ್ ಕಡಲು ಕಂಡು 1806ರಲ್ಲಿ ಮರಳಿದ್ದ ಮೆರಿವೆದರ್ ಲೂಯಿಸ್. ಆಗ ಲೂಯಿಸಿಯಾನ ಪ್ರಾಂತ್ಯದ ಗವರ್ನರ್. ಮರುದಿನ ಬೆಳಗಿನ ಹೊತ್ತಿಗೆ ತಲೆಗೂ ದೇಹಕ್ಕೂ ಗುಂಡು ತಗುಲಿ ಸತ್ತಿದ್ದ. ವಯಸ್ಸು 35.

ಕಣ್ಣಾರೆ ಕಂಡವರಿಲ್ಲ. ಜೊತೆಗಾರ ಮೇಜರ್ ಜೇಮ್ಸ್ ನೀಲಿ ತಪ್ಪಿಸಿಕೊಂಡ ಕುದುರೆಗಳನ್ನು ಹುಡುಕಲು ಹಿಂದುಳಿದಿದ್ದ. ಆಳುಗಳು ಲಾಯದಲ್ಲಿ ಮಲಗಿದ್ದರು. ಮನೆಯಲ್ಲಿದ್ದದ್ದು ಮಕ್ಕಳೊಂದಿಗೆ ಶ್ರೀಮತಿ ಗ್ರೈಂಡರ್. ಅತಿಥಿ ರಾತ್ರಿ ಶತಪಥ ಹಾಕುತ್ತ ವಕೀಲನಂತೆ ಒಬ್ಬನೇ ಮಾತಾಡುತ್ತಿದ್ದ, ಆಮೇಲೆ ಗುಂಡಿನ ಸದ್ದು, ನೀರಿಗಾಗಿ ಮೊರೆ ಎಂದಳು ಆಕೆ. ದಿಮ್ಮಿಗಳ ಸಂದಿಯಿಂದ ಇಣುಕಿದಳೇ ಹೊರತು ಬೆಳಗಾಗುವ ತನಕ ಬಾಗಿಲು ತೆರೆಯಲಿಲ್ಲ.

ಅಕ್ಟೋಬರ್ 18ರಂದು ನೀಲಿ ಥಾಮಸ್ ಜೆಫರ್ಸನ್‌ಗೆ ಪತ್ರ ಬರೆದು ಇದು ಆತ್ಮಹತ್ಯೆ ಎಂದ. ಜೆಫರ್ಸನ್ ನಂಬಿದರು. ಅವರ ಖಾಸಗಿ ಕಾರ್ಯದರ್ಶಿಯಾಗಿ ಲೂಯಿಸ್ ಅಧ್ಯಕ್ಷರ ಮನೆಯಲ್ಲೇ ಇದ್ದವನು. ಅವನ ಮನಸ್ಸಿಗೆ ಆಗಾಗ ಕವಿಯುತ್ತಿದ್ದ ಮಂಕನ್ನು ಅವರು ಬಲ್ಲರು. ಸುದ್ದಿ ತಿಳಿದ ಕ್ಲಾರ್ಕ್ ಕೂಡ ಅಣ್ಣನಿಗೆ ಬರೆದ ಪತ್ರದಲ್ಲಿ, ಮನಸ್ಸಿನ ಭಾರವೇ ಗೆಳೆಯನನ್ನು ನುಂಗಿತೇನೋ ಎಂದು ಹಲುಬಿದ್ದಾನೆ.

ಕಾರಣಗಳಿಗೆ ಬರವಿರಲಿಲ್ಲ. ಗವರ್ನರನಾಗಿ ಮಾಡಿದ ಖರ್ಚಿನ ಕೆಲವು ಹುಂಡಿಗಳನ್ನು ವಾಷಿಂಗ್ಟನ್ ತಿರಸ್ಕರಿಸಿತ್ತು, ಸಾಲಗಾರರು ಮುತ್ತಿದ್ದರು. ಯಾತ್ರೆಯ ದಿನಚರಿಯ ಪ್ರಕಟಣೆಗೆ ಒಂದು ಸಾಲೂ ಸಿದ್ಧವಾಗಿರಲಿಲ್ಲ. ಲೆಕ್ಕ ಒಪ್ಪಿಸಲು ರಾಜಧಾನಿಗೆ ಹೊರಟವನು ದಾರಿಯಲ್ಲೇ ಉಯಿಲು ಬರೆದ. ಫೋರ್ಟ್ ಪಿಕರಿಂಗ್ ತಲುಪಿದಾಗ, ಇವನು ಪ್ರಾಣ ಕಳೆದುಕೊಳ್ಳಲು ಎರಡು ಸಲ ಯತ್ನಿಸಿದ್ದನೆಂದು ದೋಣಿಯವರು ಹೇಳಿದರು. ದಳಪತಿ ಗಿಲ್ಬರ್ಟ್ ರಸೆಲ್ ಅವನನ್ನು ಕಾವಲಿನಲ್ಲಿಟ್ಟು ಆರೈಕೆ ಮಾಡಿಸಿದ.

ಹಾಗಾದರೆ ಕೊಲೆಯ ಮಾತು ಎಲ್ಲಿಂದ ಬಂತು? ಗ್ರೈಂಡರ್ ಬಾಯಿಂದಲೇ ಒಂದಿಷ್ಟು. 1810ರಲ್ಲಿ ಪಕ್ಷಿತಜ್ಞ ಅಲೆಕ್ಸಾಂಡರ್ ವಿಲ್ಸನ್‌ಗೆ ಒಂದು ರೀತಿ ಹೇಳಿದವಳು, ಸುಮಾರು 30 ವರ್ಷದ ಬಳಿಕ ಅಪರಿಚಿತ ಸವಾರರನ್ನು ಕಥೆಯೊಳಗೆ ತಂದಳು. ನಾಚೆಜ್ ಟ್ರೇಸ್ ದರೋಡೆಗೆ ಕುಖ್ಯಾತ ಹಾದಿ, ಜನ ನಂಬಿದರು. ಸಮಾಧಿಯ ಮೇಲೆ ಸ್ಮಾರಕ ಕಟ್ಟಿಸಿದ ಟೆನ್ನೆಸ್ಸಿ ಸಮಿತಿ 1850ರ ವರದಿಯಲ್ಲಿ ಹಂತಕನ ಕೈವಾಡವೇ ಹೆಚ್ಚು ಸಂಭವನೀಯ ಎಂದಿತು. ಆಧಾರವೇನೆಂದು ವಿವರಿಸಲಿಲ್ಲ! ಖಂಡ ಗೆದ್ದ ವೀರ ಹೀಗೆ ಸಾಯಬಾರದು ಎಂಬ ಹಂಬಲವೂ ಅಲ್ಲಿ ಕೆಲಸ ಮಾಡಿದಂತಿದೆ.

ಕೊಲೆವಾದಿಗಳ ಗಟ್ಟಿ ಪ್ರಶ್ನೆ ಒಂದೇ: ಗುರಿಕಾರನೊಬ್ಬ ತನಗೆ ತಾನೇ ಎರಡು ಸಲ ಹೊಡೆದುಕೊಂಡೂ ಗಂಟೆಗಟ್ಟಲೆ ಬದುಕಿರಲು ಸಾಧ್ಯವೇ? ನಡುಗುವ ಕೈಗೆ ಗುರಿ ತಪ್ಪುವುದು ಅಸಂಭವವೇನಲ್ಲ. ಲೂಯಿಸ್‌ಗೂ ಮುಂಚಿನ ಗವರ್ನರ್, ಸ್ಪೇನಿನ ಗುಪ್ತಚರ ಜೇಮ್ಸ್ ವಿಲ್ಕಿನ್ಸನ್ ಮೇಲಿನ ಗುಮಾನಿ ಓದಲು ಸೊಗಸು, ಆದರೆ ಅದಕ್ಕೆ ಕಾಗದಪತ್ರದ ಬೆಂಬಲವಿಲ್ಲ. ಗ್ರೈಂಡರ್ ಹೇಳಿಕೆಯನ್ನು ಪೂರ್ತಿ ಕೈಬಿಟ್ಟರೂ ರಸೆಲ್, ಕ್ಲಾರ್ಕ್, ಜೆಫರ್ಸನ್ ಉಳಿಯುತ್ತಾರೆ. ನನಗೆ ಆತ್ಮಹತ್ಯೆಯ ಕಡೆಯೇ ತೂಕ ಹೆಚ್ಚು.

1996ರಲ್ಲಿ ಹೊಹೆನ್‌ವಾಲ್ಡ್‌ನಲ್ಲಿ ನಡೆದ ವಿಚಾರಣೆಯ ಪಂಚರು ಗೋರಿ ಅಗೆದು ಮೂಳೆ ಪರೀಕ್ಷಿಸಿ ಎಂದರು. ಗೋರಿಯಿರುವ ಜಾಗದ ಒಡೆತನ ರಾಷ್ಟ್ರೀಯ ಉದ್ಯಾನ ಇಲಾಖೆಯದು. ವಂಶಸ್ಥರು ಕೇಳಿಕೊಂಡರೂ ಅದು 2010ರಲ್ಲಿ ಅನುಮತಿ ನಿರಾಕರಿಸಿತು.