ಎಳೆಯುವ ದೋಣಿಯಿಂದ ನಡೆಸುವ ಹಡಗಿಗೆ

ಮುಂಬಯಿಯ ಕಡಲ ದಂಡೆಯಲ್ಲಿ ನಿಂತು ಬಂದರನ್ನು ನೋಡಿದ ವಾಚಕರಿಗೆ ಒಂದು ದೃಶ್ಯವು ಪರಿಚಿತವಾಗಿರಲೇಬೇಕು. ಬೆಟ್ಟದಂತಹ ಹಡಗೊಂದು ಮೆಲ್ಲಮೆಲ್ಲನೆ ಒಳಬರುತ್ತಿರುತ್ತದೆ. ಅದರ ಮಗ್ಗುಲಿಗೆ ಅಂಟಿಕೊಂಡು ಒಂದೆರಡು ಗಿಡ್ಡ ದೋಣಿಗಳು ಅದನ್ನು ನೂಕುತ್ತಲೂ ಎಳೆಯುತ್ತಲೂ ಇರುತ್ತವೆ. ನೋಡುವವರ ಕಣ್ಣು ಹಡಗಿನ ಮೇಲಿರುವುದೇ ಹೊರತು ಆ ದೋಣಿಗಳ ಮೇಲಿರುವುದಿಲ್ಲ. ಅವುಗಳಿಗೆ ಟಗ್ ಎಂದು ಹೆಸರು.

ಅಂತಹ ಟಗ್ಗೊಂದರಲ್ಲಿ ದುಡಿಯುವ ನಮ್ಮ ಕರಾವಳಿಯ ತರುಣನೊಬ್ಬನು ಈಚೆಗೆ ನಮ್ಮ ಕಚೇರಿಗೆ ಬಂದಿದ್ದನು. ಕುಶಲ ಪ್ರಶ್ನೆಗಳು ಮುಗಿದ ಮೇಲೆ ಅವನು ಕೇಳಿದ ಮಾತಿದು: “ಇಷ್ಟು ವರ್ಷ ಇತರರ ಹಡಗನ್ನು ನೂಕಿದ್ದಾಯಿತು. ಹಡಗನ್ನೇರಿ ಅದನ್ನು ನಡೆಸುವ ಪೈಲಟನಾಗಬೇಕೆಂದರೆ ಈ ನೂಕಿದ ಅನುಭವವು ಲೆಕ್ಕಕ್ಕೆ ಬರುತ್ತದೆಯೇ?” ಪ್ರಶ್ನೆಯು ಚಿಕ್ಕದಾದರೂ ನಮ್ಮ ಮನಸ್ಸಿಗೆ ನಾಟಿತು. ಅದಕ್ಕೆ ಕಾರಣವನ್ನು ಕೊನೆಯಲ್ಲಿ ಹೇಳುವೆವು.

ಪೈಲಟನೆಂದೊಡನೆ ವಿಮಾನವನ್ನು ನೆನೆಯುವುದು ಇಂದಿನ ರೂಢಿ. ಆದರೆ ವಿಮಾನವು ಹುಟ್ಟುವುದಕ್ಕೆ ಶತಮಾನಗಳ ಮೊದಲೇ ಈ ಶಬ್ದವು ಸಮುದ್ರದ್ದಾಗಿತ್ತು. ಹಡಗಿನ ಕಪ್ತಾನನು ಮಹಾಸಾಗರವನ್ನು ಬಲ್ಲವನು. ಆದರೆ ಪ್ರತಿಯೊಂದು ಬಂದರಿನ ಮರಳ ದಿಬ್ಬ, ಮುಳುಗಿದ ಬಂಡೆ, ಉಬ್ಬರವಿಳಿತದ ಸೆಳೆತಗಳನ್ನು ಅವನು ಬಲ್ಲನೆಂದು ಹೇಳಲಾಗದು. ಆದುದರಿಂದ ಬಂದರಿನ ಹೊರಗೇ ಹಗ್ಗದ ಏಣಿಯನ್ನು ಹಿಡಿದು ಹಡಗನ್ನೇರಿ, ಕಪ್ತಾನನ ಪಕ್ಕದಲ್ಲಿ ನಿಂತು ದಾರಿ ತೋರುವವನೊಬ್ಬನು ಬೇಕು. ಅವನೇ ಪೈಲಟನು.

ತರುಣನ ಪ್ರಶ್ನೆಗೆ ಅತ್ಯಂತ ಸ್ಪಷ್ಟವಾದ ಉತ್ತರವು ನಮಗೆ ದೊರೆತುದು ಅಮೆರಿಕೆಯ ನಿಯಮಗಳಲ್ಲಿ. ಅಲ್ಲಿ ವಿದೇಶ ವ್ಯಾಪಾರದ ಹಡಗುಗಳ ಪೈಲಟರ ವಿಚಾರವನ್ನು ಆಯಾ ರಾಜ್ಯಗಳು ನೋಡಿಕೊಂಡರೆ, ಕೇಂದ್ರ ಸರಕಾರದ ಕರಾವಳಿ ರಕ್ಷಣಾ ಪಡೆಯು ‘ಪ್ರಥಮ ದರ್ಜೆಯ ಪೈಲಟ್’ ಎಂಬ ಅರ್ಹತೆಯನ್ನು ಕೊಡುತ್ತದೆ. ಈ ಅರ್ಹತೆಯು ಇಡೀ ದೇಶಕ್ಕಲ್ಲ. ನಿರ್ದಿಷ್ಟವಾದ ಒಂದು ಜಲಮಾರ್ಗಕ್ಕೆ ಮಾತ್ರ.

ಅದನ್ನು ಪಡೆಯುವ ಒಂದು ದಾರಿ ಹೀಗಿದೆ. ಹಡಗಿನ ಅಟ್ಟದ ವಿಭಾಗದಲ್ಲಿ 36 ತಿಂಗಳ ಸೇವೆ ಸಂದಿರಬೇಕು. ಅದರಲ್ಲಿ 18 ತಿಂಗಳಾದರೂ ಚುಕ್ಕಾಣಿಯ ಬಳಿಯಲ್ಲಿ ಇಲ್ಲವೆ ಚಾಲನಾ ಕೋಣೆಯಲ್ಲಿ ಸರದಿಯ ಕಾವಲು ನಿಂತಿರಬೇಕು. ಮೇಲಾಗಿ, ತಾನು ಬಯಸುವ ಮಾರ್ಗದಲ್ಲಿ ಹೋಗಿಬರುವ ಪೂರ್ಣ ಪ್ರಯಾಣಗಳನ್ನು ಮಾಡಿರಬೇಕು. ಇವುಗಳ ಕನಿಷ್ಠ ಸಂಖ್ಯೆಯನ್ನು ಸ್ಥಳೀಯ ಅಧಿಕಾರಿಯು 12ರಿಂದ 20ರ ಒಳಗೆ ಗೊತ್ತುಪಡಿಸುತ್ತಾನೆ. ಕಾಲುಭಾಗ ಪ್ರಯಾಣಗಳು ಕತ್ತಲೆಯಲ್ಲಿ ನಡೆದಿರಬೇಕೆಂಬ ಕಟ್ಟಳೆಯೂ ಉಂಟು. ಬಳಿಕ ಪರೀಕ್ಷೆ. ಅಭ್ಯರ್ಥಿಯು ಆ ಮಾರ್ಗದ ನಕ್ಷೆಯನ್ನು ನೆನಪಿನಿಂದಲೇ ಬರೆದು ತೋರಿಸಬೇಕು. ಅರ್ಹತೆಯು ದೊರೆತ ಮೇಲೂ 60 ತಿಂಗಳ ಕಾಲ ಆ ಮಾರ್ಗದಲ್ಲಿ ಸೇವೆ ಸಲ್ಲಿಸದಿದ್ದರೆ ಅದು ಊರ್ಜಿತವಾಗಿ ಉಳಿಯದು. ನೀರು ಬದಲಾಗುತ್ತಿರುತ್ತದೆ, ಹಳೆಯ ನೆನಪನ್ನು ನಂಬುವಂತಿಲ್ಲ.

ಇನ್ನು ಟಗ್ಗಿನ ಮಾತು. ಎಷ್ಟೇ ದೊಡ್ಡ ಹಡಗನ್ನಾದರೂ ನಡೆಸುವ ಅರ್ಹತೆ ಬೇಕಾದರೆ 1,600 ನೋಂದಣಿ ಟನ್ನು ಅಥವಾ ಅದಕ್ಕೆ ಮೇಲ್ಪಟ್ಟ ನೌಕೆಗಳಲ್ಲಿ 18 ತಿಂಗಳ ಅನುಭವವಿರಬೇಕು; ಪ್ರಯಾಣಗಳಲ್ಲಿ ಮೂರರಲ್ಲಿ ಎರಡು ಪಾಲು ಅಂತಹ ನೌಕೆಗಳಲ್ಲಿ ಆಗಿರಬೇಕು. ಟಗ್ಗು ಬಹುಮಟ್ಟಿಗೆ ಕೆಲವು ನೂರು ಟನ್ನಿನದು. ಹಾಗಾದರೆ ಟಗ್ಗಿನವನಿಗೆ ಬಾಗಿಲು ಮುಚ್ಚಿತೇ? ಇಲ್ಲ. ಟಗ್ಗಿನ ಟನ್ನನ್ನು ಒಂಟಿಯಾಗಿ ಎಣಿಸದೆ, ಅದು ಎಳೆಯುವ ಬಾರ್ಜುಗಳ ಟನ್ನನ್ನೂ ಕೂಡಿಸಿ ಎಣಿಸತಕ್ಕದ್ದೆಂದು ನಿಯಮವೇ ಹೇಳುತ್ತದೆ. ಹೊತ್ತವನ ಗಾತ್ರವಲ್ಲ, ಹೊತ್ತ ಹೊರೆಯೂ ಗಣನೆಗೆ ಬಂತೆಂದ ಹಾಗಾಯಿತು. ಇದು ನ್ಯಾಯವಾದ ಮಾತೆಂದು ನಮಗೆ ತೋರುತ್ತದೆ.

ಆದರೆ ನ್ಯಾಯಕ್ಕೆ ಇನ್ನೊಂದು ಮುಖವೂ ಉಂಟು. ನೀರಿನ ಸ್ವಭಾವವನ್ನೂ ಅಭ್ಯರ್ಥಿಯ ಒಟ್ಟು ಅನುಭವವನ್ನೂ ನೋಡಿ, ಪ್ರಯಾಣಗಳಲ್ಲಿ ಕೆಲವನ್ನೋ ಎಲ್ಲವನ್ನೋ ಸ್ವಂತ ಯಂತ್ರಬಲದಿಂದ ಚಲಿಸುವ ದೊಡ್ಡ ಹಡಗಿನಲ್ಲಿಯೇ ಮಾಡಬೇಕೆಂದು ಅಧಿಕಾರಿಯು ವಿಧಿಸಬಹುದು. ಅನುಭವ ಸಾಲದವನಿಗೆ ಮಿತವಾದ ಟನ್ನಿನ ಅರ್ಹತೆಯನ್ನು ಕೊಟ್ಟು, ಹೆಚ್ಚಿನ ಪ್ರಯಾಣಗಳಾದ ಮೇಲೆ ಮಿತಿಯನ್ನು ತೆಗೆಯುತ್ತಾರೆ. ಇದು ಕೇವಲ ಕಾಗದದ ಕಾಟವೆಂದು ತಿಳಿಯಬಾರದು. ಟಗ್ಗು ನಿಂತಲ್ಲೇ ತಿರುಗಬಲ್ಲುದು. ತುಂಬಿದ ದೊಡ್ಡ ಹಡಗು ಯಂತ್ರವನ್ನು ನಿಲ್ಲಿಸಿದ ಮೇಲೂ ಮೈಲುಗಟ್ಟಲೆ ಸಾಗಬಲ್ಲುದು. ಆಳ ಕಡಮೆಯಾದಲ್ಲಿ ವೇಗ ಹೆಚ್ಚಿದರೆ ತಳವು ಇನ್ನಷ್ಟು ಕೆಳಗಿಳಿಯುವುದು.

ಇದರ ಬೆಲೆಯೇನೆಂಬುದನ್ನು 2024ರ ಮಾರ್ಚ್ 26ರ ರಾತ್ರಿ ಲೋಕವು ಕಂಡಿತು. ಬಾಲ್ಟಿಮೋರ್ ಬಂದರಿನಿಂದ ಹೊರಟ ‘ಡಾಲಿ’ ಎಂಬ ಸರಕು ಹಡಗಿನ ನಾವಿಕರಲ್ಲಿ ಹೆಚ್ಚಿನವರು ಭಾರತೀಯರೇ. ದಡ ಬಿಡಿಸಿದ ಟಗ್ಗುಗಳು ಹಿಂದಿರುಗಿದ್ದವು. ಆಗ ಹಡಗಿನ ವಿದ್ಯುತ್ತು ಹೋಯಿತು. ಪೈಲಟನು ಟಗ್ಗುಗಳನ್ನು ಕರೆದನು, ಲಂಗರು ಇಳಿಸಲು ಹೇಳಿದನು, ಸೇತುವೆಗೆ ಅಪಾಯವೆಂದು ಎಚ್ಚರಿಕೆಯನ್ನು ಕಳುಹಿಸಿದನು. ಹಡಗು ನಿಲ್ಲಲಿಲ್ಲ; ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಯು ಕುಸಿಯಿತು; ಮೇಲೆ ದುರಸ್ತಿಯಲ್ಲಿದ್ದ ಆರು ಮಂದಿ ಕಾರ್ಮಿಕರು ಮಡಿದರು. ಆದರೆ ಆ ಎಚ್ಚರಿಕೆಯಿಂದ ಪೋಲೀಸರು ವಾಹನಗಳನ್ನು ತಡೆದುದರಿಂದ ಇನ್ನೆಷ್ಟೋ ಜೀವಗಳು ಉಳಿದವು. ಕೆಲವೇ ನಿಮಿಷಗಳಲ್ಲಿ ಇಷ್ಟನ್ನೂ ಯೋಚಿಸಬಲ್ಲವನು ಒಂದು ದಿನದಲ್ಲಿ ಸಿದ್ಧನಾಗುವವನಲ್ಲ.

ಹಿಂದೆಯೂ ಹೀಗೆಯೇ ಇತ್ತು. ಸ್ಯಾಮ್ಯುಅಲ್ ಕ್ಲೆಮೆನ್ಸ್ ಎಂಬ ತರುಣನು 1857ರಲ್ಲಿ ಮಿಸಿಸಿಪಿ ನದಿಯ ಪೈಲಟ್ ಹೊರೇಸ್ ಬಿಕ್ಸ್‌ಬಿಯ ಶಿಷ್ಯನಾಗಿ, ನದಿಯ ತಿರುವುಗಳನ್ನು ಬಾಯಿಪಾಠ ಮಾಡಿ, 1859ರಲ್ಲಿ ಪರವಾನಗಿ ಪಡೆದನು. ಮುಂದೆ ಅವನು ಲೋಕವಿಖ್ಯಾತ ಲೇಖಕನಾದುದು ಮಾರ್ಕ್ ಟ್ವೇನ್ ಎಂಬ ಹೆಸರಿನಿಂದ. ಅದು ನೀರಿನ ಆಳ ಎರಡು ಮಾರು, ಅಂದರೆ 12 ಅಡಿ, ಎಂದು ಸಾರುವ ನಾವಿಕರ ಕೂಗು.

ನಮ್ಮ ದೇಶದ ದೊಡ್ಡ ಬಂದರುಗಳು ಪೈಲಟರ ನೇಮಕಕ್ಕೆ ಸಾಮಾನ್ಯವಾಗಿ ಸಾಗರಯಾನದ ಉನ್ನತ ಪ್ರಮಾಣಪತ್ರವನ್ನೇ ಕೇಳುತ್ತವೆ. ಆದುದರಿಂದ ಅಮೆರಿಕೆಯ ನಿಯಮವು ಇಲ್ಲಿ ನಡೆಯುವುದೆಂದು ಆ ತರುಣನಿಗೆ ನಾವು ಆಸೆ ಹುಟ್ಟಿಸಲಿಲ್ಲ. ಪರೀಕ್ಷೆಗಳನ್ನು ಒಂದೊಂದಾಗಿ ಏರಬೇಕೆಂದೂ, ಅದಕ್ಕಿಂತ ಮೊದಲು ಸಂದ ಸೇವೆಯನ್ನೆಲ್ಲ ದಿನಾಂಕಸಹಿತ ಬರೆದಿಟ್ಟು ಮೇಲಧಿಕಾರಿಯ ಸಹಿ ಪಡೆಯಬೇಕೆಂದೂ ಹೇಳಿದೆವು.

ಹೀಗೆ ಹೇಳಲು ನಮಗೆ ಅಧಿಕಾರವುಂಟು. ನಾವು ಈ ನಗರಕ್ಕೆ ಬಂದುದು ಹೋಟೆಲಿನಲ್ಲಿ ಲೋಟ ತೊಳೆಯಲು. ಹಗಲು ದುಡಿದು, ರಾತ್ರಿ ಶಾಲೆಯಲ್ಲಿ ಓದಿ ಎಸ್ಸೆಸ್ಸೆಲ್ಸಿ ಮುಗಿಸಿದೆವು. ಸ್ವಂತ ಹೋಟೆಲಿಗೆಂದು ಸಾಲ ಕೇಳಲು ಹೋದಾಗ ಸಂಸ್ಥೆಯೊಂದರ ಅಧಿಕಾರಿಯು ಅನುಭವಕ್ಕೆ ದಾಖಲೆ ಕೇಳಿದನು. ಅಡಿಗೆಮನೆಯಲ್ಲಿಯೂ ಗಲ್ಲಾದ ಮೇಲೂ ಕಳೆದ ಹತ್ತು ವರ್ಷಕ್ಕೆ ನಮ್ಮಲ್ಲಿ ಒಂದು ಚೂರು ಕಾಗದವಿರಲಿಲ್ಲ. ಬರಿಗೈಯಲ್ಲಿ ಹಿಂದಿರುಗಿದೆವು. ಕೊನೆಗೆ ಹಳೆಯ ಧಣಿಗಳ ಬಾಯಿಮಾತಿನ ಜಾಮೀನಿನಿಂದ ಕೆಲಸವಾಯಿತು.

ಪರವೂರಿನಲ್ಲಿ ಇತರರ ಹೊರೆಯನ್ನು ನೂಕುತ್ತಿರುವ ನಮ್ಮ ತರುಣರು ಸಾವಿರಾರು ಮಂದಿ. ಆ ದುಡಿಮೆಯು ಅನುಭವವೇ ಅಲ್ಲವೆಂದು ಯಾರಾದರೂ ಹೇಳಿದರೆ ಅವರು ನಂಬದಿರಲಿ. ಅದೊಂದೇ ಸಾಕೆಂದು ತಾವೂ ನಂಬದಿರಲಿ. ತರುಣನು ಹೊರಡುವಾಗ ನಮ್ಮ ಮೇಜಿನಿಂದ ಹೊಸ ನೋಟುಪುಸ್ತಕವೊಂದನ್ನು ಕೊಟ್ಟೆವು. ಮೊದಲ ಪುಟದಲ್ಲಿ ಅವನು ಅಲ್ಲಿಯೇ ದಿನಾಂಕ ಬರೆದನು.